ಹಿಂದುಸ್ಥಾನ್ ಕನ್‌ಸ್ಟ್ರಕ್ಷನ್ ಕಂಪನಿಯ ಪೂರ್ವೇತಿಹಾಸ

ಹೊಯ್ಸಳರ ಕಾಲದ ದೇವಾಲಯಗಳಲ್ಲಿ ಕಟ್ಟಿಸಿದವರ ಹೆಸರಿನೊಡನೆ ರೂವಾರಿಗಳ ಹೆಸರೂ ಅಲ್ಲಲ್ಲಿ ದೊರೆಯುತ್ತದೆ. ದಾಸೋಜ, ಮಲ್ಲಿತಮ್ಮ ಮೊದಲಾದವರು ಈ ರೀತಿಯಾಗಿಯೇ ಚರಿತ್ರೆಗೆ ಪರಿಚಿತರಾಗಿರುವರು. ಆದರೆ ಆಂಗ್ಲರ ಆಳ್ವಿಕೆಯಲ್ಲಿ ಎದ್ದ ಸೇತುವೆ, ಸುರಂಗಗಳ ವಿಷಯದಲ್ಲಿ ಸರಕಾರದ ಮತ್ತು ಎಂಜಿನಿಯರರ ಹೆಸರುಗಳೇ ಪ್ರಸಿದ್ಧವಾಗಿ, ಹಣ ಹೂಡಿ ಕೆಲಸವನ್ನು ನಡೆಯಿಸಿದ ಕಂಟ್ರಾಕ್ಟುದಾರರ ವೃತ್ತಾಂತವು ಮರೆಯಲ್ಲಿ ಉಳಿದಿದೆ.

ಮುಂಬಯಿ-ಪುಣೆಗಳ ನಡುವಣ ಭೋರ್ ಘಟ್ಟವು ಇದಕ್ಕೆ ತಕ್ಕ ನಿದರ್ಶನ. 1863ರಲ್ಲಿ ತೆರೆದ ಅಲ್ಲಿನ ರೈಲುದಾರಿಯ ಕಂಟ್ರಾಕ್ಟು ಆಂಗ್ಲರದು. 1859ರಲ್ಲಿ ಅದನ್ನು ವಹಿಸಿಕೊಂಡ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಳ್ಳಲು, ಅವನ ಪತ್ನಿ ಆಲಿಸಳು ಕೆಲಸವನ್ನು ಮುಂದುವರಿಸಿದಳು. ಆ ಕಾಲದಲ್ಲಿಯೂ ಜಮ್‌ಶೇಟ್‌ಜಿ ದೊರಾಬ್‌ಜಿಯಂತಹ ಪಾರಸೀ ಕಂಟ್ರಾಕ್ಟುದಾರರು ಇದ್ದರು. ಆದರೆ ಘಟ್ಟದ ಕೆಲಸವು ಭಾರತೀಯರ ಪಾಲಿಗೆ ಬರಲಿಲ್ಲ.

ಅದು ಬಂದುದು ಸುಮಾರು ಅರುವತ್ತು ವರ್ಷಗಳ ತರುವಾಯ. ಸೊಲ್ಲಾಪುರದ ಗುಜರಾತೀ ಜೈನ ಮನೆತನದಲ್ಲಿ 1882ರಲ್ಲಿ ಜನಿಸಿದ ವಾಲಚಂದ ಹೀರಾಚಂದರು ಮನೆತನದ ವ್ಯಾಪಾರವನ್ನು ಬಿಟ್ಟು, ಹಿಂದೆ ರೈಲ್ವೆ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಡನೆ ಪಾಲುಗಾರಿಕೆಯನ್ನು ಆರಂಭಿಸಿದರು. ಬಾರ್ಸಿಯ ಕಿರುರೈಲುದಾರಿಯ ಕೆಲಸವೇ ಅವರ ಮೊದಲ ಹೆಜ್ಜೆ. ಫಾಟಕರಿಗೆ ರೈಲ್ವೆಯ ಅನುಭವ, ವಾಲಚಂದರಿಗೆ ಹಣ ಒದಗಿಸುವ ಶಕ್ತಿ: ಇವೆರಡರ ಕೂಟವೇ ಮುಂದಿನ ಬೆಳವಣಿಗೆಗೆ ಬೀಜ.

ಆದರೆ ಪಾಲುಗಾರಿಕೆಗೆ ಒಂದು ಮಿತಿಯುಂಟು. ಮಣ್ಣು ಕೆಲಸಕ್ಕೆ ಕೂಲಿಗಳು ಸಾಕು. ಸುರಂಗಕ್ಕಾದರೋ ಯಂತ್ರಗಳು ಬೇಕು. ಠೇವಣಿ ಇಟ್ಟು, ಯಂತ್ರ ಕೊಂಡು, ಕೂಲಿ ಕೊಟ್ಟು, ಅಳತೆಯಾದ ಮೇಲೆಯೇ ಬಿಲ್ಲಿನ ಹಣವನ್ನು ಕಾಣಬೇಕು. ಅಷ್ಟು ಬಂಡವಾಳವು ಒಂದು ಮನೆತನದಲ್ಲಿ ಸಿಗದು. 1920ರಲ್ಲಿ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿಯೊಡನೆ ಬೆರೆತುದರ ಮರ್ಮವು ಇದೇ. ಈ ಕಂಪನಿಯು ಭೋರ್ ಘಟ್ಟದಲ್ಲಿ ಹೊಸ ಸುರಂಗಗಳನ್ನು ಕೊರೆಯಿತು. 1926ರಲ್ಲಿ ವಾಲಚಂದರು ಹಿಂದುಸ್ಥಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಸ್ಥಾಪಿಸಿದರು. 1935ರಲ್ಲಿ ಟಾಟಾ ಹೆಸರಿನ ಕಂಪನಿಯು ಪ್ರೀಮಿಯರ್ ಕನ್‌ಸ್ಟ್ರಕ್ಷನ್ ಆಯಿತು.

ಇಲ್ಲಿ ಒಂದು ವಿರೋಧಾಭಾಸವು ಗಮನಾರ್ಹವಾಗಿದೆ. 1919ರಿಂದ ಸಿಂಧಿಯಾ ಹಡಗು ಕಂಪನಿಯ ಮೂಲಕ ಆಂಗ್ಲ ಹಡಗುದಾರರೊಡನೆ ಹೋರಾಡುತ್ತಿದ್ದವರೇ ನಿರ್ಮಾಣವ್ಯವಹಾರದಲ್ಲಿ ಆಂಗ್ಲರ ಅಧೀನದ ಸರಕಾರವನ್ನೂ ರೈಲ್ವೆಗಳನ್ನೂ ಗಿರಾಕಿಗಳನ್ನಾಗಿ ಪಡೆಯಬೇಕಾಗಿತ್ತು. ಅಧಿಕಾರವನ್ನು ಅವಲಂಬಿಸಿಯೇ ಸ್ವಾವಲಂಬನೆಯನ್ನು ಸಾಧಿಸಬೇಕಾದ ಈ ಸ್ಥಿತಿಯನ್ನು ಮರೆತರೆ, ಅವರ ಚರಿತ್ರೆಯು ಬರಿಯ ಸ್ತೋತ್ರವಾದೀತು.

ಬೆಂಗಳೂರಿನ ಸಂಗತಿಯು ಇದನ್ನು ಸ್ಪಷ್ಟಪಡಿಸುತ್ತದೆ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಮೈಸೂರು ಸರಕಾರದ ಸಹಭಾಗಿತ್ವದೊಡನೆ ವಾಲಚಂದರು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. 1942ರಲ್ಲಿ ಯುದ್ಧನಿಮಿತ್ತವಾಗಿ ಭಾರತ ಸರಕಾರವು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ವಾಲಚಂದರು 1953ರಲ್ಲಿ ನಿಧನ ಹೊಂದಿದರು. ನಿರ್ಮಾಣಸಂಸ್ಥೆಯು ಮಾತ್ರ ಬಾಳಿ, ಇಡುಕ್ಕಿಯ ಕಮಾನು ಅಣೆಕಟ್ಟನ್ನೂ, 2009ರಲ್ಲಿ ತೆರೆದ ಮುಂಬಯಿಯ ಬಾಂದ್ರಾ-ವರ್ಲಿ ಸಮುದ್ರಸೇತುವೆಯನ್ನೂ ಕಟ್ಟಿತು. ಇಷ್ಟರಿಂದ ಕಂಟ್ರಾಕ್ಟುದಾರನ ಹೆಸರು ಚರಿತ್ರೆಗೆ ದೊರೆತಂತಾಯಿತು. ಆದರೆ ಭೋರ್ ಘಟ್ಟದಲ್ಲಿ 1861ರ ಸುಮಾರಿಗೆ ದುಡಿದ ನಾಲ್ವತ್ತು ಸಾವಿರಕ್ಕೂ ಮೀರಿದ ಕೂಲಿಗಳು ಇಂದಿಗೂ ಸಂಖ್ಯೆಯಾಗಿಯೇ ಉಳಿದಿರುವರು. ಶಾಸನದಲ್ಲಿ ರೂವಾರಿಗೆ ಸಂದ ಸ್ಥಾನವು ಇವರಿಗೆ ಸಲ್ಲುವವರೆಗೆ ಈ ಇತಿಹಾಸವು ಅಪೂರ್ಣವೇ ಸರಿ.