ಡೈರೆಕ್ಟರಿ ಕ್ಲೈಂಟ್‌ಗಳಲ್ಲಿ ಪ್ರೊಫೈಲ್ ನವೀಕರಣ

ಡೈರೆಕ್ಟರಿ ಸೇವೆಯ ಕ್ಲೈಂಟ್ ಕಂಪ್ಯೂಟರು ಯಾವ ಸರ್ವರನ್ನು ಕೇಳಬೇಕು, ಡೈರೆಕ್ಟರಿಯ ಯಾವ ಕೊಂಬೆಯಲ್ಲಿ ಹುಡುಕಬೇಕು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬ ಸೆಟ್ಟಿಂಗುಗಳ ಕಟ್ಟೇ ಸಂರಚನಾ ಪ್ರೊಫೈಲ್. ಅದನ್ನು ಡೈರೆಕ್ಟರಿಯಲ್ಲೇ ಇಟ್ಟರೆ ಕ್ಲೈಂಟ್‌ಗಳು ಗೊತ್ತಾದ ಅವಧಿಗೊಮ್ಮೆ ತಾವಾಗಿ ಓದಿಕೊಳ್ಳುತ್ತವೆ. ಪ್ರತಿ ಕಂಪ್ಯೂಟರಿನ ಮುಂದೆ ಕೂತು ತಿದ್ದುವ ಕೆಲಸ ತಪ್ಪುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ನಿಯಮಾವಳಿ 1993ರಲ್ಲಿ ಪ್ರಕಟವಾಯಿತು. ಅದರ ಕ್ಲೈಂಟ್‌ಗಳ ಪ್ರೊಫೈಲ್ ಹೇಗಿರಬೇಕೆಂಬುದನ್ನು 2007ರ ಆರ್‌ಎಫ್‌ಸಿ 4876 ಎಂಬ ದಾಖಲೆ ವಿವರಿಸುತ್ತದೆ. ಇದರಲ್ಲಿ 'ಪ್ರೊಫೈಲ್ ಟಿಟಿಎಲ್' ಎಂಬ ಅಂಶವೇ ವೇಳಾಪಟ್ಟಿ: ಎಷ್ಟು ಸೆಕೆಂಡುಗಳ ಬಳಿಕ ಮತ್ತೆ ಓದಬೇಕೆಂದು ಅದು ಹೇಳುತ್ತದೆ. ಸೋಲಾರಿಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇದು ಸಾಮಾನ್ಯವಾಗಿ 43,200 ಸೆಕೆಂಡು, ಅಂದರೆ 12 ಗಂಟೆ; ಸೊನ್ನೆ ಹಾಕಿದರೆ ನವೀಕರಣವೇ ನಡೆಯದು. ಕೈಯಾರೆ ಸೆಟ್ಟಿಂಗ್ ಕೊಟ್ಟ ಯಂತ್ರಕ್ಕೂ ಈ ಸೌಲಭ್ಯವಿಲ್ಲ. ವಿಂಡೋಸ್‌ನ ಗ್ರೂಪ್ ಪಾಲಿಸಿ ಇದಕ್ಕೆ ಹತ್ತಿರದ ಏರ್ಪಾಡು. ಅಲ್ಲಿ ಸಾಮಾನ್ಯ ಅವಧಿಯಾದ 90 ನಿಮಿಷಕ್ಕೆ 30 ನಿಮಿಷದವರೆಗಿನ ಯಾದೃಚ್ಛಿಕ ವಿಳಂಬ ಸೇರುತ್ತದೆ. ಎಲ್ಲ ಯಂತ್ರಗಳೂ ಒಟ್ಟಿಗೆ ಸರ್ವರಿಗೆ ಮುಗಿಬೀಳದಿರಲು ಇದು ಬಹಳ ಒಳ್ಳೆಯ ಉಪಾಯ.

ಪ್ರೊಫೈಲ್ ತರುವ ಕೆಲಸವನ್ನು ಗೊತ್ತಾದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ಗೆ ಒಪ್ಪಿಸುವುದೂ ಉಂಟು. ರಾತ್ರಿ 2 ಗಂಟೆಯ ಹೊತ್ತನ್ನು ಆರಿಸುವವರು ಒಂದನ್ನು ಮರೆಯುತ್ತಾರೆ: ಸಂಜೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕುವ ಕಚೇರಿಯಲ್ಲಿ ಆ ಕೆಲಸ ಎಂದೂ ನಡೆಯದು. ತಪ್ಪಿದ ಸರದಿಯನ್ನು ಕ್ರಾನ್ ಮತ್ತೆ ಹಿಡಿಯುವುದಿಲ್ಲ. ಲಿನಕ್ಸ್‌ನಲ್ಲಿ ಅದಕ್ಕೆ ಅನಾಕ್ರಾನ್ ಬೇಕು.

ಸಂಪರ್ಕ ಕಡಿದುಹೋಗುವ ಕಡೆ ಇನ್ನೂ ಎಚ್ಚರ ಬೇಕು. ಕೊಡಗಿನ ಮಾದಾಪುರದ ಸುತ್ತ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಕೊಚ್ಚಿಹೋದವು. ಇಂಥ ಊರಿನ ಶಾಖಾ ಕಚೇರಿಯಲ್ಲಿ ನವೀಕರಣ ವಿಫಲವಾದರೂ ಕ್ಲೈಂಟ್ ಹಳೆಯ ಪ್ರತಿಯನ್ನು ಉಳಿಸಿಕೊಂಡಿರಬೇಕು. ಆದರೆ ಪ್ರೊಫೈಲ್ ಉಳಿದ ಮಾತ್ರಕ್ಕೆ ಲಾಗಿನ್ ಆಗದು. ಬಳಕೆದಾರರ ವಿವರ ಸಿಗಬೇಕಾದರೆ ಡೈರೆಕ್ಟರಿಯ ಪ್ರತಿ ಇರುವ ಒಂದು ಸರ್ವರ್ ಸ್ಥಳದಲ್ಲೇ ಇರಬೇಕು. ಶಾಖೆಗೆ ಪ್ರತ್ಯೇಕ ಪ್ರೊಫೈಲ್ ಮಾಡಿ, ಆದ್ಯತೆಯ ಸರ್ವರ್ ಪಟ್ಟಿಯಲ್ಲಿ ಆ ಸ್ಥಳೀಯ ಸರ್ವರನ್ನೂ, ಸಾಮಾನ್ಯ ಪಟ್ಟಿಯಲ್ಲಿ ದೂರದ ಮುಖ್ಯ ಸರ್ವರನ್ನೂ ಸೇರಿಸುವುದು ಸರಿಯಾದ ಕ್ರಮ.

ಸರ್ವರ್ ಬದಲಿಸುವಾಗಲೇ ವೇಳಾಪಟ್ಟಿಯ ನಿಜವಾದ ಪರೀಕ್ಷೆ. ಅವಧಿ 12 ಗಂಟೆಯಿದ್ದರೆ ಅದನ್ನು ಒಂದು ಗಂಟೆಗೆ ಇಳಿಸಿದ ಸುದ್ದಿಯೂ ಕೆಲವು ಯಂತ್ರಗಳಿಗೆ ತಲುಪಲು 12 ಗಂಟೆ ಬೇಕು. ಆದ್ದರಿಂದ ಹಿಂದಿನ ದಿನವೇ ಅವಧಿ ಇಳಿಸಿ, ಹೊಸ ವಿಳಾಸವನ್ನು ಹಳೆಯದರ ಜೊತೆಗೆ ಸೇರಿಸಬೇಕು. ರಜೆಯಲ್ಲಿ ಆರಿಸಿಟ್ಟ ಯಂತ್ರಗಳೂ ಒಮ್ಮೆ ಹೊಸ ಪ್ರೊಫೈಲ್ ಓದಿಕೊಳ್ಳುವ ತನಕ ಹಳೆಯ ಸರ್ವರನ್ನು ನಿಲ್ಲಿಸಬಾರದು.

ಈ ನವೀಕರಣದಿಂದ ತಲುಪದ ಒಂದು ಅಂಶವೂ ಉಂಟು: ಸೋಲಾರಿಸ್‌ನಲ್ಲಿ ಕ್ಲೈಂಟ್ ಡೈರೆಕ್ಟರಿಯನ್ನು ಓದಲು ಬಳಸುವ ಪ್ರಾಕ್ಸಿ ಖಾತೆಯ ಪಾಸ್‌ವರ್ಡ್ ಪ್ರೊಫೈಲಿನೊಳಗೆ ಇರುವುದಿಲ್ಲ. ಅದು ಬದಲಾದರೆ ಪ್ರತಿ ಕ್ಲೈಂಟ್‌ನಲ್ಲೂ ಬೇರೆಯಾಗಿಯೇ ತಿದ್ದಬೇಕು.