ಕಡಲಿನ ದಾರಿಯಲ್ಲಿ ಚಕ್ರದ ಮನೆ

ಮನೆಯೆಂದರೆ ನೆಲೆಯಾಗಿ ನಿಂತದ್ದು, ಬಂಡಿಯೆಂದರೆ ನಡೆಯುವುದು ಎಂಬುದು ನಮ್ಮ ಸಾಮಾನ್ಯ ಭಾವನೆ. ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಕನ್ನಡಿಗರು ಎಂದೋ ಎದುರುಬದುರಾಗಿ ನಿಲ್ಲಿಸಿ ನೋಡಿದ್ದಾರೆ. ಆದರೆ ಯೂರೋಪಿನ ಕಡಲ ತೀರಗಳಲ್ಲಿ ಬೇಸಗೆ ಬಂತೆಂದರೆ ಈ ಎರಡನ್ನೂ ಒಂದುಗೂಡಿಸಿಕೊಂಡ ವಾಹನಗಳು ಸಾಲುಗಟ್ಟುತ್ತವೆ. ಒಳಗೆ ಒಂದು ಹಾಸಿಗೆ, ಒಂದು ಒಲೆ, ನೀರಿನ ತೊಟ್ಟಿ, ಎರಡು ಮಡಚುವ ಕುರ್ಚಿ. ಗಂಡಹೆಂಡಿರಿಬ್ಬರು ಮನಸ್ಸು ಬಂದ ಕಡೆ ನಿಲ್ಲುತ್ತಾರೆ, ಅಲ್ಲೇ ಅಡಿಗೆ ಮಾಡಿ ಉಣ್ಣುತ್ತಾರೆ, ಅಲೆಗಳ ಸದ್ದು ಕೇಳುತ್ತ ಮಲಗುತ್ತಾರೆ. ಕ್ಯಾಂಪರ್ ವ್ಯಾನ್ ಎಂದು ಈ ವಾಹನದ ಹೆಸರು. ನೋಡುವವರಿಗೆ ಇದು ಹಣವಂತರ ಚಪಲವೆಂದು ತೋರಬಹುದು. ಆದರೆ ಈ ಪುಟ್ಟ ಮನೆಯ ಹಿಂದೆ ದೊಡ್ಡದೊಂದು ಇತಿಹಾಸವುಂಟು. ಅದರಲ್ಲಿ ವೈದ್ಯರ ಪಾಲೂ ಇದೆ, ಕಾರ್ಮಿಕರ ಪಾಲೂ ಇದೆ, ಊರೆಂಬುದಿಲ್ಲದವರ ಕಣ್ಣೀರೂ ಇದೆ.

ಕಣ್ಣೀರಿನ ಮಾತನ್ನೇ ಮೊದಲು ಹೇಳಬೇಕು. ಯೂರೋಪಿನಲ್ಲಿ ಚಕ್ರದ ಮೇಲಣ ಮನೆಯೆಂದರೆ ಜನರ ನೆನಪಿಗೆ ಬರುತ್ತಿದ್ದವರು ರೋಮಾ ಜನ. ಇತರರು ಅವರನ್ನು ಜಿಪ್ಸಿಗಳೆಂದು ಕರೆದರು. ಸಾವಿರ ವರ್ಷಗಳಷ್ಟು ಹಿಂದೆ ನಮ್ಮ ಉತ್ತರ ಭಾರತವನ್ನು ಬಿಟ್ಟು ಪಶ್ಚಿಮಕ್ಕೆ ನಡೆದವರು ಇವರು ಎಂಬುದನ್ನು ಕಂಡುಕೊಟ್ಟದ್ದು ಭಾಷಾಶಾಸ್ತ್ರ. ಇಂದಿಗೂ ಅವರ ಭಾಷೆಯಲ್ಲಿ ನೀರು ‘ಪಾನಿ’; ಎರಡು, ಮೂರು ಎನ್ನುವುದಕ್ಕೆ ‘ದುಯಿ’, ‘ತ್ರಿನ್’. ಇಂಗ್ಲೆಂಡಿನ ರೋಮಾಗಳು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗುಡಾರಗಳನ್ನು ಬಿಟ್ಟು ಕುದುರೆ ಎಳೆಯುವ ಮರದ ಮನೆಗಳಲ್ಲಿ ಬಾಳತೊಡಗಿದರು. ಬಣ್ಣ ಬಳಿದು ಚಿತ್ತಾರ ಕೆತ್ತಿದ ಆ ಬಂಡಿಗೆ ‘ವಾರ್ಡೊ’ ಎಂದು ಹೆಸರು.

ಬಂಡಿ ಚೆಲುವಾಗಿತ್ತು, ಬಾಳು ಚೆಲುವಾಗಿರಲಿಲ್ಲ. ಫ್ರಾನ್ಸಿನಲ್ಲಿ 1912ರ ಜುಲೈ ತಿಂಗಳಲ್ಲಿ ಒಂದು ಕಾನೂನು ಹೊರಟಿತು. ಅದರ ಪ್ರಕಾರ ಅಲೆಮಾರಿಯಾದ ಪ್ರತಿಯೊಬ್ಬನೂ ತನ್ನ ದೇಹದ ಅಳತೆ, ಭಾವಚಿತ್ರ, ಬೆರಳಿನ ಗುರುತುಗಳಿದ್ದ ಪುಸ್ತಕವೊಂದನ್ನು ಇಟ್ಟುಕೊಂಡಿರಬೇಕು. ಊರಿಗೆ ಬಂದಾಗಲೊಮ್ಮೆ, ಬಿಟ್ಟು ಹೊರಡುವಾಗಲೊಮ್ಮೆ ಅದಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಯೂರೋಪಿನಾದ್ಯಂತ ಲಕ್ಷಗಟ್ಟಲೆ ರೋಮಾಗಳು ನಾಟ್ಸಿಗಳ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಆ ಅಳತೆಯ ಪುಸ್ತಕ ರದ್ದಾದದ್ದು 1969ರಲ್ಲಿ. ಅನಂತರವೂ ಮತ್ತೊಂದು ಬಗೆಯ ಸಂಚಾರದ ಪುಸ್ತಕ ಅವರ ಕೈಯಲ್ಲಿ ಬಹುಕಾಲ ಉಳಿಯಿತು.

ಇನ್ನು ಕಡಲಿನ ಮಾತು. ಹಿಂದೆ ಯೂರೋಪಿನ ಜನಕ್ಕೆ ಕಡಲು ವಿಹಾರದ ಸ್ಥಳವಾಗಿರಲಿಲ್ಲ. ಬೆಸ್ತರಿಗೆ, ನಾವಿಕರಿಗೆ ಅದು ದುಡಿಮೆಯ ಕ್ಷೇತ್ರ. ಉಳಿದವರಿಗೆ ಭಯದ ತಾಣ. ಅದನ್ನು ಬೇಕಾದ ವಸ್ತುವನ್ನಾಗಿ ಮಾಡಿದವರು ವೈದ್ಯರು. ಇಂಗ್ಲೆಂಡಿನ ರಿಚರ್ಡ್ ರಸ್ಸೆಲ್ ಎಂಬ ವೈದ್ಯ ಸಮುದ್ರದ ನೀರಿನ ಚಿಕಿತ್ಸೆಯನ್ನು ಕುರಿತು 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ಬರೆದ. ಆತ ನೆಲೆಸಿದ ಬ್ರೈಟನ್ ಎಂಬ ಬೆಸ್ತರ ಊರು ಮುಂದೆ ಶ್ರೀಮಂತರ ಪಟ್ಟಣವಾಯಿತು. ಮಾನವಂತರು ಬಯಲಿನಲ್ಲಿ ಮೀಯುವುದು ಹೇಗೆ? ಅದಕ್ಕೂ ಉಪಾಯ ಸಿಕ್ಕಿತು. ಗಾಲಿಯ ಮೇಲೆ ಮರದ ಪುಟ್ಟ ಕೋಣೆ. ಒಳಗೆ ಹೋಗಿ ಬಟ್ಟೆ ಬದಲಾಯಿಸುವಷ್ಟರಲ್ಲಿ ಕುದುರೆ ಅದನ್ನು ನೀರಿನೊಳಕ್ಕೆ ಎಳೆದೊಯ್ಯುತ್ತಿತ್ತು. ಹೆಂಗಸರು ಯಾರ ಕಣ್ಣಿಗೂ ಬೀಳದೆ ಮೆಟ್ಟಿಲಿಳಿದು ಸ್ನಾನ ಮಾಡುತ್ತಿದ್ದರು. ಕಡಲ ತೀರಕ್ಕೆ ವಿಹಾರಕ್ಕಾಗಿ ಬಂದ ಮೊದಲ ಚಕ್ರದ ಕೋಣೆ ಇದೇ ಎನ್ನಬಹುದು.

ಬೇಕೆಂದೇ ಬಂಡಿಯಲ್ಲಿ ಸಂಸಾರ ಹೂಡಿದವರಲ್ಲಿ ಮೊದಲನೆಯವನೆಂದು ಹೆಸರಾದವನು ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯ ವೈದ್ಯನಾಗಿದ್ದು ನಿವೃತ್ತನಾದ ಈತ ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆಯುತ್ತಿದ್ದ. 1885ರಲ್ಲಿ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ ಮಹಾಗನಿ ಮರದಿಂದ ಮನೆಯನ್ನು ಕಟ್ಟಿಸಿ ಅದಕ್ಕೆ ‘ವಾಂಡರರ್’, ಎಂದರೆ ಅಲೆಮಾರಿ, ಎಂದು ಹೆಸರಿಟ್ಟ. ರೋಮಾಗಳ ಬಂಡಿಯೇ ಅದಕ್ಕೆ ಮಾದರಿ. ತೂಕ ಸುಮಾರು ಎರಡು ಟನ್. ಎಳೆಯಲು ಎರಡು ಕುದುರೆ. ಜೊತೆಗೆ ಸಾರಥಿ, ಸೇವಕ, ನಾಯಿ, ಗಿಳಿ. ಸೇವಕನ ಕೆಲಸವೆಂದರೆ ಮೂರು ಗಾಲಿಯ ಸೈಕಲ್ಲಿನ ಮೇಲೆ ಮುಂದೆ ಹೋಗಿ, ದೊಡ್ಡ ಬಂಡಿ ಬರುತ್ತಿದೆಯೆಂದು ಎದುರಿನವರಿಗೆ ಎಚ್ಚರ ಕೊಡುವುದು. ಬರ್ಕ್‌ಷೈರಿನ ತನ್ನ ಊರಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಸುಮಾರು 1300 ಮೈಲಿ ಪಯಣಿಸಿ, ಮರುವರ್ಷ ಅದರ ವೃತ್ತಾಂತವನ್ನು ಪ್ರಕಟಿಸಿದ. ಓದಿದವರಿಗೆ ಆಸೆ ಹುಟ್ಟಿತು. 1907ರಲ್ಲಿ ಬ್ರಿಟನ್ನಿನಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. ಇಲ್ಲಿಯ ವಿಪರ್ಯಾಸವನ್ನು ನೋಡಬೇಕು. ಅಲೆಮಾರಿ ಎಂಬುದು ಒಬ್ಬನಿಗೆ ಬಂಡಿಯ ಮೇಲೆ ಬರೆಸಿಕೊಳ್ಳುವ ಬಿರುದು. ಇನ್ನೊಬ್ಬನಿಗೆ ಪೋಲೀಸಿನವನು ಹೇರುವ ಆರೋಪ.

ಆದರೂ ಸ್ಟೇಬಲ್ಸನ ಸುಖ ಬಿಡುವಿದ್ದವರ ಸುಖ. ದುಡಿಯುವವನಿಗೆ ಬಿಡುವು ಎಲ್ಲಿಂದ ಬರಬೇಕು? ಫ್ರಾನ್ಸಿನಲ್ಲಿ ಅದು ಬಂದದ್ದು ಹೋರಾಟದಿಂದ. 1936ರ ಬೇಸಗೆಯಲ್ಲಿ ಕಾರ್ಖಾನೆಗಳಲ್ಲೆಲ್ಲ ಮುಷ್ಕರ ಹಬ್ಬಿದಾಗ ಲಿಯೋನ್ ಬ್ಲುಮ್ ಅವರ ಪಾಪ್ಯುಲರ್ ಫ್ರಂಟ್ ಸರ್ಕಾರ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ರೈಲಿನ ದರದಲ್ಲಿ ಶೇಕಡಾ 40ರಷ್ಟು ರಿಯಾಯಿತಿಯೂ ದೊರಕಿತು. ಆವರೆಗೆ ಕಡಲನ್ನೇ ಕಾಣದಿದ್ದ ಎಷ್ಟೋ ಸಂಸಾರಗಳು ಆ ವರ್ಷ ಕಂಡವು. ಇಬ್ಬರು ತುಳಿಯುವ ಸೈಕಲ್ಲಿನ ಮೇಲೆ ಹೊರಟ ಯುವದಂಪತಿಗಳ ಚಿತ್ರ ಆ ಬೇಸಗೆಯ ಗುರುತಾಗಿ ಉಳಿದಿದೆ. ಎರಡು ವಾರಗಳು 1956ರಲ್ಲಿ ಮೂರಾದವು, 1969ರಲ್ಲಿ ನಾಲ್ಕು, 1982ರಲ್ಲಿ ಐದು.

ಈ ರಜೆಗೆ ತಕ್ಕ ವಾಹನವೂ ಬಂತು. 1947ರ ಏಪ್ರಿಲ್ 23ರಂದು ಬೆನ್ ಪಾನ್ ಎಂಬ ಡಚ್ ವರ್ತಕ ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಂಥ ಮೋಟಾರು ಗಾಡಿಯ ಚಿತ್ರವೊಂದನ್ನು ಗೀಚಿದ. ಇಂಜಿನ್ ಹಿಂದೆ, ಚಾಲಕ ಮುಂದೆ, ನಡುವೆ ಸಾಮಾನು. ಜರ್ಮನಿಯ ಫೋಕ್ಸ್‌ವಾಗನ್ ಕಾರ್ಖಾನೆ 1950ರಲ್ಲಿ ಅದನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪೆನಿ ಅದರೊಳಗೆ ಹಾಸಿಗೆ, ಬೀರುಗಳನ್ನು ಅಳವಡಿಸುವ ವ್ಯವಸ್ಥೆ ಮಾಡಿತು. ವಾರವೆಲ್ಲ ಸರಕು ಹೊರುವ ಗಾಡಿ, ರಜೆ ಬಂದರೆ ಮನೆ! ಸ್ಟೇಬಲ್ಸನ ಸಾರಥಿ, ಸೇವಕರು ಇಲ್ಲಿ ಬೇಕಾಗಿಲ್ಲ, ಗಂಡಹೆಂಡಿರಿಬ್ಬರಿದ್ದರೆ ಸಾಕು.

ದಾರಿಯೊಂದು ಉಳಿದಿತ್ತು. ಪ್ಯಾರಿಸ್ಸಿನಿಂದ ಮೆಡಿಟರೇನಿಯನ್ ಕಡಲಿನ ಮಾರ್ಸೇಲ್ಸ್ ನಗರಕ್ಕೆ ಹೋಗುವ ‘ಸೂರ್ಯನ ಹೆದ್ದಾರಿ’ 1970ರಲ್ಲಿ ಪೂರ್ಣವಾಯಿತು. ಅಲ್ಲಿಂದ ಮುಂದೆ ಪ್ರತಿ ಆಗಸ್ಟ್ ತಿಂಗಳಲ್ಲಿಯೂ ಲಕ್ಷಾಂತರ ಜನ ಅದರ ಮೇಲೆ ಕಡಲಿಗೆ ಓಡತೊಡಗಿದರು. ಓಡತೊಡಗಿದರು ಎಂದೇ ಹೇಳಬೇಕು. ಗೆದ್ದುಕೊಂಡ ಬಿಡುವು ಮತ್ತೆ ಅವಸರವಾಗಿ ಪರಿಣಮಿಸಿತು. ನಡುವಣ ಹಳ್ಳಿ, ಹೊಳೆ, ದ್ರಾಕ್ಷಿಯ ತೋಟಗಳೆಲ್ಲ ಕಿಟಕಿಯಾಚೆಯ ಗೆರೆಗಳಾದವು.

ಈ ಅವಸರಕ್ಕೆ ವಿನೋದವಾಗಿ ಉತ್ತರ ಕೊಟ್ಟ ದಂಪತಿಗಳು ಹೂಲಿಯೊ ಕೊರ್ತಾಸರ್ ಮತ್ತು ಕ್ಯಾರಲ್ ಡನ್ಲಪ್. ಅವರು ಅರ್ಜೆಂಟೀನದ ಪ್ರಸಿದ್ಧ ಕಾದಂಬರಿಕಾರರು, 1951ರಿಂದ ಪ್ಯಾರಿಸ್ಸಿನಲ್ಲಿ ನೆಲೆಸಿದ್ದವರು. ಆಕೆ ಅಮೆರಿಕದಲ್ಲಿ ಹುಟ್ಟಿ ಕೆನಡಾದಲ್ಲಿ ಬಾಳಿದ ಲೇಖಕಿ, ಛಾಯಾಚಿತ್ರಗಾರ್ತಿ. ಗಂಡನಿಗಿಂತ ಮೂವತ್ತು ವರ್ಷಕ್ಕೂ ಕಿರಿಯಳು. ಅವರ ಕೆಂಪು ಫೋಕ್ಸ್‌ವಾಗನ್ ವ್ಯಾನಿಗೆ ವಾಗ್ನರನ ಸಂಗೀತ ನಾಟಕದಲ್ಲಿ ನಿಧಿಯನ್ನು ಕಾಯುವ ಘಟಸರ್ಪದ ಹೆಸರು: ಫಾಫ್ನರ್. 1982ರ ಮೇ 23ರಂದು ಅದರಲ್ಲಿ ಪ್ಯಾರಿಸ್ಸಿನಿಂದ ಹೊರಟರು. ಎಂಟುನೂರು ಕಿಲೋಮೀಟರಿಗೆ ಸಮೀಪದ ದಾರಿ. ಇತರರಿಗೆ ಒಂದು ದಿನದ ಮಾತು. ಇವರು ಹಾಕಿಕೊಂಡ ನಿಯಮಗಳೇ ಬೇರೆ. ಮಾರ್ಸೇಲ್ಸ್ ಬರುವವರೆಗೆ ಹೆದ್ದಾರಿಯನ್ನು ಬಿಟ್ಟು ಹೊರಗೆ ಹೋಗಕೂಡದು. ದಾರಿಯಲ್ಲಿರುವ 65 ತಂಗುದಾಣಗಳಲ್ಲಿ ಒಂದನ್ನೂ ಬಿಡಕೂಡದು. ದಿನಕ್ಕೆ ಎರಡೇ ತಂಗುದಾಣ. ಎರಡನೆಯದರಲ್ಲಿ ರಾತ್ರಿಯ ವಾಸ, ಅದು ಹೇಗಿದ್ದರೂ ಸರಿ. ಕಂಡದ್ದನ್ನೆಲ್ಲ ದೊಡ್ಡ ಅನ್ವೇಷಕರ ಹಾಗೆ ಬರೆದಿಡಬೇಕು.

ಹೆದ್ದಾರಿಯಲ್ಲಿ ಅಷ್ಟು ದಿನ ಇರಲು ಅನುಮತಿ ಕೋರಿ ಮೊದಲೇ ಪತ್ರವನ್ನೂ ಬರೆದಿದ್ದರು. ಊರೂರಿಗೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದ ಅಲೆಮಾರಿಗಳ ನೆನಪು ಇಲ್ಲಿ ಬಾರದಿರದು. ಅದೇ ದೇಶ, ಅದೇ ಚಕ್ರದ ಮನೆ. ಒಬ್ಬರಿಗೆ ಒಂದು ವಿನಯದ ಪತ್ರ ಸಾಕಾಗಿತ್ತು.

ಹೀಗೆ ಒಂದು ದಿನದ ದಾರಿ ಒಂದು ತಿಂಗಳಿಗೂ ಮಿಕ್ಕಿತು. ಟ್ರಕ್ಕುಗಳು ನಿಲ್ಲುವ, ಜನ ಕಾಲು ಗಂಟೆ ಕಾಲು ಚಾಚಿ ಹೊರಡುವ ಆ ತಾಣಗಳಲ್ಲಿ ಇವರು ಮರದ ನೆರಳಿಗೆ ಹೂವಿನ ಚಿತ್ರದ ಕುರ್ಚಿಗಳನ್ನು ಹಾಕಿ ಟೈಪ್‌ರೈಟರ್ ಮುಂದಿಟ್ಟು ಕುಳಿತರು. ಹುಳುಹುಪ್ಪಟೆಗಳನ್ನೂ ಕಸದ ಡಬ್ಬಿಗಳನ್ನೂ ವಿಜ್ಞಾನಿಗಳ ಗಾಂಭೀರ್ಯದಿಂದ ಪರಿಶೀಲಿಸಿದರು. ಏನು ಉಂಡೆವು, ಮುಖ ಯಾವ ದಿಕ್ಕಿಗಿತ್ತು, ಬಿಸಿಲು ಎಷ್ಟಿತ್ತು ಎಂದು ದಿನಚರಿ ಬರೆದರು. ನಡುವೆ ಸ್ನೇಹಿತರು ಬಂದು ತರಕಾರಿ, ಹಣ್ಣು ಕೊಟ್ಟುಹೋದರು. ಜೂನ್ ಉತ್ತರಾರ್ಧದಲ್ಲಿ ಕಡಲು ಕಂಡಿತು.

ವಿನೋದದ ಹಿಂದೆ ಇನ್ನೊಂದು ಸತ್ಯವಿತ್ತು. ಇಬ್ಬರ ಆರೋಗ್ಯವೂ ಸರಿಯಿರಲಿಲ್ಲ. ಅದೇ ವರ್ಷದ ನವೆಂಬರ್ 2ರಂದು ಕ್ಯಾರಲ್ ತೀರಿಕೊಂಡರು, ವಯಸ್ಸು 36. ಪುಸ್ತಕವನ್ನು ಕೊರ್ತಾಸರ್ ಒಬ್ಬರೇ ಮುಗಿಸಬೇಕಾಯಿತು. 1983ರಲ್ಲಿ ಅದು ಇಬ್ಬರ ಹೆಸರಿನಲ್ಲಿಯೂ ಹೊರಬಂತು. ಅದರ ಗೌರವಧನವನ್ನು ನಿಕರಾಗ್ವ ದೇಶದ ಜನತೆಗೆ ಮೀಸಲಿಟ್ಟರು. 1984ರ ಫೆಬ್ರವರಿ 12ರಂದು ಅವರೂ ಹೋದರು. ಪ್ಯಾರಿಸ್ಸಿನ ಮೊಂಪಾರ್ನಾಸ್ ಸ್ಮಶಾನದಲ್ಲಿ ಇಬ್ಬರಿಗೂ ಒಂದೇ ಸಮಾಧಿ.

ಅವರು ಜೊತೆಯಾಗಿ ಕಳೆದ ಕೊನೆಯ ಬೇಸಗೆ ಅದು. ಹತ್ತು ಗಂಟೆಗಳಲ್ಲಿ ಮುಗಿಸಬಹುದಾದ ದಾರಿಗೆ ಅವರು ತಿಂಗಳನ್ನು ಕೊಟ್ಟರು. ಆ ದಾರಿ ಅವರಿಗೆ ತಿಂಗಳನ್ನು ಕೊಟ್ಟಿತು. 1936ರಲ್ಲಿ ಸೈಕಲ್ಲು ತುಳಿಯುತ್ತ ಕಡಲಿಗೆ ಹೊರಟಿದ್ದ ದಂಪತಿಗಳಿಗೂ ಬೇಕಾಗಿದ್ದುದು ಇದೇ ಅಲ್ಲವೆ? ದಿನವನ್ನು ಯಜಮಾನನ ಗಡಿಯಾರದಿಂದ ಬಿಡಿಸಿಕೊಂಡು ತಮ್ಮದನ್ನಾಗಿ ಮಾಡಿಕೊಳ್ಳುವುದು. ಕಾನೂನು ರಜೆಯ ವಾರಗಳನ್ನು ಕೊಡಬಲ್ಲದು, ಕಾರ್ಖಾನೆ ವಾಹನವನ್ನು ಕೊಡಬಲ್ಲದು. ದಿನಕ್ಕೆ ಎರಡೇ ತಂಗುದಾಣವೆಂಬ ನಿಯಮವನ್ನು ಮಾತ್ರ ಪಯಣಿಗರು ತಾವೇ ಮಾಡಿಕೊಳ್ಳಬೇಕು.