ಆರ್‌ಸಿ ಪುಸ್ತಕ ಹೇಳದ ಚೇತಕ್

ದೊಡ್ಡಪ್ಪನ ಟ್ರಂಕಿನಲ್ಲಿ ಹೊಲದ ಪಹಣಿಗಳ ಜೊತೆ ಒಂದು ಆರ್‌ಸಿ ಪುಸ್ತಕವೂ ಇದೆ. 1992ರಲ್ಲಿ ಕೊಂಡ ಬಜಾಜ್ ಚೇತಕ್ ಸ್ಕೂಟರಿನದು. ಕೆಎ-16, ಅಂದರೆ ಚಿತ್ರದುರ್ಗ ಜಿಲ್ಲೆಯ ನೋಂದಣಿ. ಮಾಲೀಕರ ಹೆಸರು, ಎಂಜಿನ್ ನಂಬರು, ಚಾಸಿ ನಂಬರು, ಬಣ್ಣ, ಕೂರುವವರು ಇಬ್ಬರು. ಅಲ್ಲಿಂದ ಹದಿನೈದು ವರ್ಷ ಪುಟಗಳು ಖಾಲಿ. 2007ರಲ್ಲಿ ಒಂದು ಮುದ್ರೆ, ಒಂದು ಸಹಿ, ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿದೆ ಎಂಬ ಒಂದು ಸಾಲು. ಅಷ್ಟೇ.

ಇದೇ ಗಾಡಿಯ ಬಗ್ಗೆ ಇನ್ನೆರಡು ಸಾಕ್ಷ್ಯಗಳಿವೆ. ಒಂದು ದೊಡ್ಡಪ್ಪನದು. ಪರಶುರಾಂಪುರದ ಸುತ್ತಲಿನ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವರು ಅವರು. "ಒಂದು ದಿನಾನೂ ಕೈಕೊಟ್ಟಿಲ್ಲ ಕಣೋ" ಅನ್ನುತ್ತಾರೆ. ಇನ್ನೊಂದು ಊರಿನ ಮೆಕ್ಯಾನಿಕ್‌ನದು. ಅವರ ಮಾತು: "ಮೇಷ್ಟ್ರ ಗಾಡಿನಾ? ವಾರಕ್ಕೊಂದ್ಸಲ ಇಲ್ಲೇ ಮಲಗಿರ್ತಿತ್ತು." ಇಬ್ಬರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಚೇತಕ್ ನಂಬಿಕೆಗೆ ಅರ್ಹವಾದ ಗಾಡಿಯಾಗಿತ್ತೇ ಎಂದು ಕೇಳಿದರೆ ಸರ್ಕಾರ, ಸವಾರ, ಮೆಕ್ಯಾನಿಕ್ ಮೂವರೂ ಮೂರು ಉತ್ತರ ಕೊಡುತ್ತಾರೆ. ಈ ಮೂರನ್ನೂ ಒಟ್ಟಿಗೆ ಇಟ್ಟು ಓದುವುದು ಹೇಗೆ ಎಂಬುದೇ ನನ್ನ ತಕರಾರು.

ಮೊದಲು ಸರ್ಕಾರದ ಸಾಕ್ಷ್ಯ. 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆ ಗಾಡಿಗಳನ್ನು ಎರಡು ಜಾತಿ ಮಾಡಿತು. ಬಾಡಿಗೆಗೆ ಓಡುವ ಬಸ್ಸು, ಲಾರಿ, ಆಟೋಗಳು 56ನೇ ಕಲಮಿನ ಪ್ರಕಾರ ಆಗಾಗ ತಪಾಸಣೆಗೆ ನಿಂತು ಅರ್ಹತಾ ಪತ್ರ, ನಮ್ಮ ಕಡೆಯ ಮಾತಿನಲ್ಲಿ ಎಫ್‌ಸಿ, ಪಡೆಯಬೇಕು. ಸ್ವಂತಕ್ಕೆ ಇಟ್ಟುಕೊಂಡ ಗಾಡಿಗೆ ಆ ಕಾಟವಿಲ್ಲ. 41ನೇ ಕಲಮು ಅದರ ನೋಂದಣಿಗೆ ಹದಿನೈದು ವರ್ಷದ ಆಯಸ್ಸು ಕೊಡುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಾಗಾಗಿ ಶೇಂಗಾ ಚೀಲ ಹೊತ್ತು ಹೋಗುವ ಲಗೇಜ್ ಆಟೋ ಎಫ್‌ಸಿಗೆ ನಿಲ್ಲಬೇಕು. ಅದೇ ಚೀಲವನ್ನು ಕಾಲ ಬಳಿ ನಿಲ್ಲಿಸಿಕೊಂಡು, ಹಿಂದೆ ಹೆಂಡತಿ, ಮುಂದೆ ಮಗುವನ್ನು ಕೂರಿಸಿಕೊಂಡು ಚಳ್ಳಕೆರೆಗೆ ಹೊರಟ ಚೇತಕ್ ಹದಿನೈದು ವರ್ಷ ಯಾವ ತಪಾಸಣಾಧಿಕಾರಿಯ ಮುಂದೂ ನಿಲ್ಲಬೇಕಾಗಿಲ್ಲ. ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಯಿತ್ತು, ನಿಜ. 2000ದ ಮಾರ್ಚ್ 31ಕ್ಕೆ ಮುಂಚೆ ತಯಾರಾದ ದ್ವಿಚಕ್ರಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9000 ಪಿಪಿಎಂ ಮಿತಿ. ಈ ಗಾಡಿಯನ್ನು ಅಂಕಿಗಳಲ್ಲಿ ಅಳೆದ ದಾಖಲೆ ಅದೊಂದೇ. ಹೊಸ ಚೀಟಿ ಬಂದ ದಿನ ಹಳೆಯದನ್ನು ಎಸೆಯುತ್ತಿದ್ದರು, ಹಾಗಾಗಿ ನನಗೆ ಒಂದೂ ಸಿಗಲಿಲ್ಲ.

ಬ್ರಿಟನ್ನಿನ ಕ್ರಮ ಬೇರೆ. ಅಲ್ಲಿ 1960ರಲ್ಲೇ ಎಂಓಟಿ ಎಂಬ ತಪಾಸಣೆ ಬಂತು. ಆರಂಭದಲ್ಲಿ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ, ಈಗ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ. 2005ರಿಂದೀಚಿನ ಫಲಿತಾಂಶಗಳನ್ನು ಗಾಡಿಯ ನಂಬರು ಕೊಟ್ಟು ಯಾರು ಬೇಕಾದರೂ ನೋಡಬಹುದು: ಯಾವ ದಿನ ಪಾಸು, ಯಾವ ದಿನ ಫೇಲು, ಫೇಲಾಗಿದ್ದು ಬ್ರೇಕಿಗೋ ಟೈರಿಗೋ ದೀಪಕ್ಕೋ. ನಲವತ್ತು ವರ್ಷ ದಾಟಿದ ಗಾಡಿಗಳಿಗೆ 2018ರಿಂದ ವಿನಾಯಿತಿ ಇದೆ. ಅಲ್ಲಿನ ಒಂದು ವೆಸ್ಪಾದ ಕಾಯಿಲೆಗಳ ಪಟ್ಟಿಯನ್ನು ನಾನು ಪರಶುರಾಂಪುರದಲ್ಲಿ ಕೂತು ಓದಬಲ್ಲೆ. ದೊಡ್ಡಪ್ಪನ ಮನೆ ಮುಂದೆ ನಿಂತಿರುವ ಅದರ ದಾಯಾದಿಯ ಪಟ್ಟಿ ಎಲ್ಲೂ ಇಲ್ಲ.

ದಾಯಾದಿ ಅಂದದ್ದು ತಮಾಷೆಗಲ್ಲ. ಚೇತಕ್‌ನ ಮೂಲಪುರುಷ 1946ರ ವೆಸ್ಪಾ. ಅದನ್ನು ರೂಪಿಸಿದ ಕೊರಾದೀನೊ ದ'ಅಸ್ಕಾನಿಯೊ ವಿಮಾನ, ಹೆಲಿಕಾಪ್ಟರುಗಳ ಎಂಜಿನಿಯರ್. ಮೋಟಾರ್ ಸೈಕಲ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ಹತ್ತಿಸುವ ಚೈನೇ ಬೇಡವೆಂದು ಎಂಜಿನ್ನನ್ನು ಹಿಂದಿನ ಚಕ್ರದ ಮಗ್ಗುಲಿಗೇ ಕೂರಿಸಿದರು. ಗೇರನ್ನು ಎಡಗೈಗೆ ತಂದರು. ಚಕ್ರವನ್ನು ವಿಮಾನದ ಚಕ್ರದ ಹಾಗೆ ಒಂದೇ ಪಕ್ಕದಿಂದ ಹಿಡಿಸಿದರು, ಪಂಕ್ಚರಾದರೆ ನಾಲ್ಕೈದು ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿದರಾಯಿತು. 1960ರ ದಶಕದಲ್ಲಿ ಬಜಾಜ್ ಕಂಪನಿ ಪಿಯಾಜಿಯೊದ ಪರವಾನಗಿಯಲ್ಲಿ ಪುಣೆಯ ಆಕುರ್ಡಿಯಲ್ಲಿ ವೆಸ್ಪಾ ತಯಾರಿಸಿತು. ಆ ಒಪ್ಪಂದ 1971ರಲ್ಲಿ ಮುಗಿಯಿತು. 1972ರಲ್ಲಿ ಅದೇ ಮೈಕಟ್ಟಿಗೆ ರಾಣಾ ಪ್ರತಾಪನ ಕುದುರೆಯ ಹೆಸರು ಬಂತು. 145 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್, ನಾಲ್ಕು ಗೇರು, ಉಕ್ಕಿನ ಹಾಳೆಯ ಮೈ.

ಹೆಸರು ಬದಲಾಯಿತು, ಸರತಿ ಬದಲಾಗಲಿಲ್ಲ. ಎಷ್ಟು ಸ್ಕೂಟರು ತಯಾರಾಗಬೇಕು ಎಂಬುದನ್ನು ಸರ್ಕಾರದ ಲೈಸೆನ್ಸು ತೀರ್ಮಾನಿಸುತ್ತಿತ್ತು. ಬುಕ್ ಮಾಡಿದವರು ವರ್ಷಗಟ್ಟಲೆ, ಕೆಲವರು ಹತ್ತು ವರ್ಷ ಕಾಯುತ್ತಿದ್ದರು. ಕೈಗೆ ಬಂದ ಗಾಡಿಯನ್ನು ಹೊರಗೆ ಮಾರಿದರೆ ಕೊಂಡ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು. ಹೀಗಿರುವಾಗ ಕೆಟ್ಟರೆ ಬೇರೆ ಕೊಳ್ಳೋಣ ಎಂಬ ಮಾತೇ ಇಲ್ಲ. ಕೆಟ್ಟರೆ ರಿಪೇರಿ. ಚೇತಕ್‌ನ ಗಟ್ಟಿತನದ ಖ್ಯಾತಿಯಲ್ಲಿ ಯಂತ್ರದ ಪಾಲೆಷ್ಟೋ ಈ ಅಭಾವದ ಪಾಲೂ ಅಷ್ಟೇ ಇದೆ ಎಂದು ನನಗನ್ನಿಸುತ್ತದೆ. ಬಿಟ್ಟುಕೊಡಲು ಆಗದ ವಸ್ತುವನ್ನು ಜನ ನಂಬಲೇಬೇಕಾಗುತ್ತದೆ. ದೊಡ್ಡಪ್ಪ ಕೊಳ್ಳುವ ಹೊತ್ತಿಗೆ ಸರತಿ ಕರಗಿತ್ತು, ಆದರೆ ನೋಡಿಕೊಳ್ಳುವ ರೀತಿ ಹಳೆಯದೇ ಉಳಿದಿತ್ತು. ಭಾನುವಾರ ಬೆಳಿಗ್ಗೆ ಗಾಡಿಗೂ ಸ್ನಾನ.

ಇನ್ನು ಮೆಕ್ಯಾನಿಕ್‌ನ ಸಾಕ್ಷ್ಯ. ಪರಶುರಾಂಪುರ ಚಳ್ಳಕೆರೆ ತಾಲ್ಲೂಕಿನ ಪೂರ್ವದ ಅಂಚು. ವೇದಾವತಿ ಹತ್ತಿರ, ಆಂಧ್ರದ ಗಡಿ ಇನ್ನೂ ಹತ್ತಿರ. ಅಂಗಡಿಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅಂಗಡಿ ಅಂದರೆ ತಗಡಿನ ಚಪ್ಪರ, ಮಣ್ಣಿನ ನೆಲ, ಅದರಲ್ಲಿ ಇಂಗಿದ ನಲವತ್ತು ವರ್ಷದ ಆಯಿಲ್. ಚೇತಕ್‌ಗೆ ಏನೇನು ಕಾಯಿಲೆ ಬರುತ್ತಿತ್ತು ಎಂದು ಕೇಳಿದೆ. ಅವರು ಕೈ ಕೆಲಸ ಬಿಡದೆ ಹೇಳುತ್ತಾ ಹೋದರು. ಮೊದಲು ಕೇಬಲ್ಲು. ಕ್ಲಚ್, ಗೇರು, ಬ್ರೇಕು, ಆಕ್ಸಿಲರೇಟರು ಎಲ್ಲ ತಂತಿಯಲ್ಲೇ ಎಳೆಯುವಂಥವು, ಹ್ಯಾಂಡಲ್ ಒಳಗೆ ಸವೆದು ಎಳೆ ಎಳೆಯಾಗಿ ಕಡಿಯುತ್ತವೆ. ಪೆಟ್ರೋಲಿಗೆ ಟೂಟಿ ಆಯಿಲ್ ಹೆಚ್ಚು ಬಿದ್ದರೆ ಪ್ಲಗ್ ಕಪ್ಪು, ಸೈಲೆನ್ಸರ್ ತುಂಬ ಕಾರ್ಬನ್. ಕಮ್ಮಿ ಬಿದ್ದರೆ ಪಿಸ್ಟನ್ ಜಾಮ್. ಬೇಸಿಗೆಯಲ್ಲಿ ಇಬ್ಬರು ಮೂವರನ್ನು ಕೂರಿಸಿಕೊಂಡು ಎಳೆದರೂ ಜಾಮ್. ಆಗ ಚಳ್ಳಕೆರೆಗೆ ಕಳಿಸಿ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಬೇಕು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಕಾರ್ಬೊರೇಟರಿಗೆ ಪೆಟ್ರೋಲ್ ಇಳಿಯಲೆಂದು ಪಕ್ಕಕ್ಕೆ ವಾಲಿಸುವುದಂತೂ ದೇಶಕ್ಕೆಲ್ಲ ಗೊತ್ತು.

"ಇಷ್ಟೆಲ್ಲ ಕೆಡೋದನ್ನ ಒಳ್ಳೆ ಗಾಡಿ ಅಂತ ಹೆಂಗಂತೀರಣ್ಣ?" ಅಂದೆ.

"ಕೆಡೋದು ಬೇರೆ, ನಿಲ್ಲೋದು ಬೇರೆ ಕಣಪ್ಪ. ಇದು ಕೆಡ್ತಿತ್ತು. ಮನೆಗೆ ತಲುಪಿಸ್ತಿತ್ತು."

ದೊಡ್ಡಪ್ಪನ "ಕೈಕೊಟ್ಟಿಲ್ಲ"ದ ಅರ್ಥ ನನಗೆ ಆದದ್ದು ಅಲ್ಲಿ. ಗಾಡಿಯ ಡಿಕ್ಕಿಯಲ್ಲಿ ಪ್ಲಗ್ ಪಾನ, ಎರಡು ಸ್ಪ್ಯಾನರು, ಒಂದು ಹೆಚ್ಚಿನ ಕ್ಲಚ್ ಕೇಬಲ್, ಉಪ್ಪುಕಾಗದದ ತುಂಡು ಸದಾ ಇರುತ್ತಿದ್ದವು. ಜಾಲಿ ಮರದ ನೆರಳಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿ ಉಜ್ಜಿ ಹಾಕಿದ್ದನ್ನು ಅವರು ಕೆಟ್ಟ ಲೆಕ್ಕಕ್ಕೇ ಹಿಡಿದಿಲ್ಲ. ತಾನೇ ಸರಿಮಾಡಬಲ್ಲ ದೋಷ ದೋಷವಲ್ಲ. ಹಾಗೆಂದು ಹಂಬಲದಲ್ಲಿ ಎಲ್ಲವನ್ನೂ ಮಾಫಿ ಮಾಡಲಾರೆ. ಮುಂದಿನ ಬ್ರೇಕು ಇದ್ದೂ ಇಲ್ಲದ ಹಾಗೆ. ನಿಧಾನಕ್ಕೆ ಹೋದರೆ ಹೆಡ್‌ಲೈಟು ಮಂಕು. ಹತ್ತಿಂಚಿನ ಪುಟ್ಟ ಚಕ್ರ ಜಲ್ಲಿ ರಸ್ತೆಯಲ್ಲಿ ಜಾರಿದರೆ ಸವಾರ ನೆಲಕ್ಕೇ. ದೊಡ್ಡಪ್ಪನ ಮೊಣಕೈಯಲ್ಲಿ ಅದರ ಗುರುತು ಈಗಲೂ ಇದೆ. ಇವೆಲ್ಲ ಮೊದಲ ಹದಿನೈದು ವರ್ಷದಲ್ಲಿ ಒಮ್ಮೆಯಾದರೂ ಯಾರಾದರೂ ನೋಡಬೇಕಾಗಿದ್ದ ಸಂಗತಿಗಳು.

ನೋಡಿದ್ದು 2007ರಲ್ಲಿ. ಚಿತ್ರದುರ್ಗಕ್ಕೆ ಹೋಗುವ ಹಿಂದಿನ ದಿನ ಗಾಡಿ ಇಡೀ ದಿನ ತಗಡಿನ ಚಪ್ಪರದಲ್ಲಿತ್ತಂತೆ. ಹಾರ್ನು ಕೂಗಿಸಿದರು, ಬ್ರೇಕ್ ಶೂ ಬದಲಿಸಿದರು, ಸೈಲೆನ್ಸರನ್ನು ಬೆಂಕಿಗೆ ಹಿಡಿದು ಕಾರ್ಬನ್ ಉದುರಿಸಿದರು. ಹಿಂದಿನ ಟೈರು ನುಣ್ಣಗಾಗಿತ್ತು. ಚೇತಕ್‌ನಲ್ಲಿ ಮೂರು ಚಕ್ರವೂ ಒಂದೇ ಅಳತೆ, ಆದ್ದರಿಂದ ಸ್ಟೆಪ್ನಿಯಲ್ಲಿದ್ದ ಒಳ್ಳೆಯದು ಹಿಂದಕ್ಕೆ ಬಂತು, ನುಣ್ಣನೆಯದು ಸ್ಟೆಪ್ನಿಯಾಯಿತು. ಕನ್ನಡಿ ಇನ್ನೊಂದು ಗಾಡಿಯಿಂದ ಎರವಲು. ಮರುದಿನ ಇನ್ಸ್‌ಪೆಕ್ಟರ್ ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ತಾಳೆ ನೋಡಿ, ದೀಪ, ಹಾರ್ನು, ಬ್ರೇಕು ಪರೀಕ್ಷಿಸಿ ನಮೂನೆ 25ರ ಅರ್ಜಿಗೆ ಸಹಿ ಹಾಕಿದರು. ಅವರ ಕೆಲಸ ಅವರು ಸರಿಯಾಗೇ ಮಾಡಿದರು. ಆದರೆ ಅಂದು ಪಾಸಾದದ್ದು ಹದಿನೈದು ವರ್ಷ ಓಡಿದ ಗಾಡಿಯೋ, ಹಿಂದಿನ ದಿನದ ಒಬ್ಬ ಮೆಕ್ಯಾನಿಕ್‌ನ ಕೈಗುಣವೋ?

ಆಮೇಲಿನ ನವೀಕರಣಗಳು 2012, 2017, 2022ರವು. ಅಷ್ಟರಲ್ಲಿ ಚೇತಕ್‌ನ ಕಾಲ ಮುಗಿದಿತ್ತು. ಹೊಗೆಯ ನಿಯಮಗಳು ಬಿಗಿಯಾಗಿ ಎರಡು ಸ್ಟ್ರೋಕಿನ ಎಂಜಿನ್ ಹಿಂದೆ ಸರಿಯಿತು, ನಾಲ್ಕು ಸ್ಟ್ರೋಕಿನ ಚೇತಕ್ ಬಂದು ಹೋಯಿತು. 2009ರ ಕೊನೆಯಲ್ಲಿ ಬಜಾಜ್ ಸ್ಕೂಟರುಗಳಿಗೇ ವಿದಾಯ ಹೇಳಿತು. ಈಗ ಅದೇ ಹೆಸರಿನಲ್ಲಿ ಬರುವುದು ಬ್ಯಾಟರಿ ಗಾಡಿ. 2022ರ ಏಪ್ರಿಲ್‌ನಿಂದ ಹಳೆಯ ದ್ವಿಚಕ್ರದ ನವೀಕರಣದ ಶುಲ್ಕ 300 ರೂಪಾಯಿಯಿಂದ 1000ಕ್ಕೆ ಏರಿತು. ಅದರ ಹಿಂದಿನ ವರ್ಷ ಬಂದ ಇನ್ನೊಂದು ನಿಯಮ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ಎಂಬ ಪದವಿ ಕೊಡುತ್ತದೆ. ದೊಡ್ಡಪ್ಪನ ಗಾಡಿಗೆ ಆ ಯೋಗ 2042ರಲ್ಲಿ. ಎಷ್ಟು ಸಲ ಬೋರ್ ಮಾಡಿಸಿದ, ಯಾವ್ಯಾವುದೋ ಗಾಡಿಯ ಭಾಗ ತೊಟ್ಟ ಚೇತಕ್‌ಗೆ ಯಾವುದು ಮೂಲರೂಪ ಎಂದು ಆಗ ಯಾರು ತೀರ್ಮಾನಿಸುತ್ತಾರೋ.

ಹೊರಡುವಾಗ ಮೆಕ್ಯಾನಿಕ್ ಅಂಗಡಿಯ ಹಲಗೆಯ ಹಿಂದಿನಿಂದ ಒಂದು ಕಟ್ಟು ಶಾಲೆಯ ನೋಟ್‌ಬುಕ್ ತೆಗೆದರು. ಉದ್ರಿ ಲೆಕ್ಕ. ಹೆಸರು, ಗಾಡಿ, ಮಾಡಿದ ಕೆಲಸ, ದುಡ್ಡು. "ಚೇತಕ್ ಮೇಷ್ಟ್ರು – ಕ್ಲಚ್ ಕೇಬಲ್." "ಚೇತಕ್ ಮೇಷ್ಟ್ರು – ಪ್ಲಗ್, ಹೆಡ್ ಕ್ಲೀನ್." ಬೇರೆ ಚೇತಕ್‌ಗಳೂ ಇದ್ದವು, ಹಾಲಿನವನದು, ಕಂಬಳಿ ವ್ಯಾಪಾರಿಯದು, ಪೋಸ್ಟಿನವರದು. ಬ್ರಿಟನ್ನಿನ ಕಂಪ್ಯೂಟರಿನಲ್ಲಿರುವ ಪಟ್ಟಿಗೆ ನಮ್ಮೂರ ಪರ್ಯಾಯ ನನ್ನ ಕೈಯಲ್ಲಿತ್ತು. ಕೊರತೆಯೂ ಇದೆ: ಸ್ಥಳದಲ್ಲೇ ದುಡ್ಡು ಕೊಟ್ಟವರ ರಿಪೇರಿ ಇದರಲ್ಲಿಲ್ಲ, ಸಾಲ ಹೇಳಿದವರದಷ್ಟೇ. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷಗಳಲ್ಲಿ ಬರಹ ಒತ್ತೊತ್ತಾಗಿದೆ. ಆ ವರ್ಷ ಗಾಡಿಗಳು ಹೆಚ್ಚು ಕೆಟ್ಟವೋ, ಜೇಬುಗಳು ಹೆಚ್ಚು ಬರಿದಾಗಿದ್ದವೋ ಬಿಡಿಸಿ ಹೇಳುವುದು ಕಷ್ಟ.

ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದೆ. "ತಗಳಪ್ಪ. ಗೀಟು ಹಾಕದೆ ಇರೋವು ಇನ್ನೂ ಬರಬೇಕಾದ ದುಡ್ಡು, ಅವನ್ನ ಊರಿಗೆಲ್ಲ ತೋರಿಸ್ಬೇಡ" ಅಂದರು. ಕೊನೆಯ ಪುಸ್ತಕದಲ್ಲಿ ಗೀಟು ಬೀಳದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ನಿಮ್ಮ ದೊಡ್ಡಪ್ಪಂದು. ಬ್ರೇಕ್ ಶೂ" ಎಂದು ನಕ್ಕರು.